ಖುರಾಸಾನಿನ ಆನೆಗಳು: ಒಂದು ರೇಷ್ಮೆ ವಸ್ತ್ರದ ಚರಿತ್ರೆ

ಶಾಸನವೆಂದೊಡನೆ ನಮ್ಮ ನೆನಪಿಗೆ ಬರುವುದು ಶಿಲೆ ಮತ್ತು ತಾಮ್ರಪಟ. ಬಟ್ಟೆಯೂ ಶಾಸನವಾಗಬಲ್ಲುದೆಂಬ ಕಲ್ಪನೆ ನಮಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಮಧ್ಯಕಾಲೀನ ಇಸ್ಲಾಮಿ ಜಗತ್ತಿನಲ್ಲಿ ಬಟ್ಟೆಯ ಮೇಲಿನ ಬರಹ ಅಧಿಕಾರದ ಮುದ್ರೆಯಾಗಿತ್ತು. ಪರ್ಷಿಯನ್ ಮೂಲದ ‘ತಿರಾಜ್’ ಎಂಬ ಪದ ಮೊದಲು ಕಸೂತಿಯನ್ನೂ, ಬಳಿಕ ಬರಹವುಳ್ಳ ಅಂಚನ್ನೂ, ಅಂಥ ಬಟ್ಟೆಯನ್ನು ನೇಯುವ ರಾಜಕಾರ್ಖಾನೆಯನ್ನೂ ಸೂಚಿಸಿತು. ಶುಕ್ರವಾರದ ಪ್ರವಚನದಲ್ಲಿ ಮತ್ತು ನಾಣ್ಯದಲ್ಲಿ ಹೆಸರು ಬರುವಂತೆಯೇ ಬಟ್ಟೆಯಲ್ಲಿ ಹೆಸರು ನೇಯಿಸುವುದೂ ಆಳುವವನ ಹಕ್ಕು. 14ನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ತಿರಾಜನ್ನು ರಾಜಚಿಹ್ನೆಗಳ ಸಾಲಿನಲ್ಲಿಯೇ ಇರಿಸಿ ಚರ್ಚಿಸಿದ್ದಾನೆ.

ಈ ಪರಂಪರೆಯ ಒಂದು ಅಪೂರ್ವ ನಿದರ್ಶನ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ‘ಸಂತ ಜೋಸ್‌ನ ಹೊದಿಕೆ’ ಎಂದು ಪ್ರಸಿದ್ಧವಾದ ಈ ರೇಷ್ಮೆಯ ಎರಡು ತುಂಡುಗಳು ಮಾತ್ರ ಉಳಿದಿವೆ. ಅಲಂಕೃತವಾದ ಆನೆಗಳು ಎದುರುಬದುರಾಗಿ ನಿಂತಿವೆ. ಅಂಚಿನಲ್ಲಿ ಎರಡು ಡುಬ್ಬದ ಒಂಟೆಗಳ ಸಾಲು ಸಾಗಿದೆ. ಪ್ರಾಣಿಗಳನ್ನು ಹೀಗೆ ಎದುರುಬದುರಾಗಿಸುವ ಕ್ರಮ ಇಸ್ಲಾಮಿಗಿಂತ ಹಿಂದಿನ ಸಸಾನಿ ಇರಾನಿನಿಂದ ಬಂದ ಬಳುವಳಿ. ಕೂಫಿ ಲಿಪಿಯ ಅರಬ್ಬೀ ಬರಹ ದಳಪತಿ ಅಬೂ ಮನ್ಸೂರ್ ಬಖ್ತಕೀನನಿಗೆ ಕೀರ್ತಿ, ಸುಖ ಮತ್ತು ದೀರ್ಘಾಯುಷ್ಯವನ್ನು ಕೋರುತ್ತದೆ. ಇಲ್ಲಿರುವುದು ಖಲೀಫನ ಹೆಸರಲ್ಲ, ಒಬ್ಬ ತುರ್ಕಿ ದಳಪತಿಯ ಹೆಸರು ಎಂಬುದು ಗಮನಾರ್ಹ. ಅಧಿಕಾರವು ಬಾಗ್ದಾದಿನಿಂದ ಪ್ರಾಂತಗಳ ಕೈಗೆ ಜಾರುತ್ತಿದ್ದುದಕ್ಕೆ ಈ ಬಟ್ಟೆಯೇ ಸಾಕ್ಷಿ.

ಇದರ ನೇಯ್ಗೆಯನ್ನು ಯುರೋಪಿನಲ್ಲಿ ‘ಸಮೈಟ್’ ಎನ್ನುತ್ತಾರೆ. ‘ಆರು ಎಳೆ’ ಎಂಬ ಅರ್ಥದ ಗ್ರೀಕ್ ಪದ ಇದರ ಮೂಲ. ಇಲ್ಲಿ ಹಾಸು ಎರಡು ಬಗೆಯದು: ಒಂದು ಬಟ್ಟೆಯ ಒಡಲಲ್ಲಿ ಅಡಗಿ, ಯಾವ ಬಣ್ಣದ ಹೊಕ್ಕು ಮೇಲೆ ಬರಬೇಕೆಂಬುದನ್ನು ನಿರ್ಧರಿಸುತ್ತದೆ, ಇನ್ನೊಂದು ಹೊಕ್ಕುಗಳನ್ನು ಬಿಗಿದು ಹಿಡಿಯುತ್ತದೆ. ಹೀಗಾಗಿ ಕಣ್ಣಿಗೆ ಕಾಣುವುದೆಲ್ಲ ಬಹುತೇಕ ಹೊಕ್ಕಿನ ಬಣ್ಣವೇ. ಇಂಥ ಮಗ್ಗಕ್ಕೆ ನೇಕಾರನೊಬ್ಬನೇ ಸಾಲದು. ವಿನ್ಯಾಸಕ್ಕೆ ತಕ್ಕಂತೆ ಹಗ್ಗಗಳನ್ನೆಳೆದು ಹಾಸಿನ ಎಳೆಗಳನ್ನು ಎತ್ತುವ ಸಹಾಯಕನೂ ಬೇಕು.

ರೇಷ್ಮೆಯನ್ನು ಕುರಿತ ಧಾರ್ಮಿಕ ನಿಲುವು ಈ ಕಲೆಗೆ ವಿಶಿಷ್ಟವಾದ ಬಿಕ್ಕಟ್ಟನ್ನು ಒಡ್ಡಿತ್ತು. ಕುರಾನು ಸ್ವರ್ಗವಾಸಿಗಳಿಗೆ ‘ಇಸ್ತಬ್ರಕ್’ ಎಂಬ ದಪ್ಪ ರೇಷ್ಮೆಯ ಉಡುಪನ್ನು ವಾಗ್ದಾನ ಮಾಡುತ್ತದೆ. ಹದೀಸುಗಳು ಇಹದಲ್ಲಿ ಪುರುಷರಿಗೆ ರೇಷ್ಮೆಯನ್ನು ನಿಷೇಧಿಸುತ್ತವೆ. ಕೆಲವು ಬೆರಳುಗಳಷ್ಟು ಅಗಲದ ರೇಷ್ಮೆಯ ಅಂಚಿಗೆ ಧರ್ಮಶಾಸ್ತ್ರಜ್ಞರು ಅವಕಾಶವಿತ್ತರು. ಮೈಗೆ ಹತ್ತಿಯೂ ಹೊರಗೆ ರೇಷ್ಮೆಯೂ ಕಾಣುವ ‘ಮಶ್ರೂ’ ಬಟ್ಟೆಯ ಹೆಸರಿನ ಅರ್ಥವೇ ‘ಧರ್ಮಸಮ್ಮತ’ ಎಂದು. ಆದರೂ ಆಸ್ಥಾನಗಳಲ್ಲಿ ರೇಷ್ಮೆಯ ಮೋಹ ಕುಂದಲಿಲ್ಲ. ಗೌರವದ ನಿಲುವಂಗಿಯಾದ ‘ಖಿಲತ್’ ಅನ್ನು ಪಡೆದವನು ಒಡೆಯನ ಕೃಪೆಯನ್ನೇ ಮೈಮೇಲೆ ಹೊತ್ತಂತೆ.

ಆ ಕೃಪೆ ಎಷ್ಟು ಅಸ್ಥಿರವೆಂಬುದಕ್ಕೆ ಬಖ್ತಕೀನನೇ ನಿದರ್ಶನ. 961ರಲ್ಲಿ ಸಾಮಾನಿ ದೊರೆ ಒಂದನೆಯ ಅಬ್ದುಲ್ ಮಲಿಕನ ಆಜ್ಞೆಯಂತೆ ಅವನನ್ನು ಕೊಲ್ಲಲಾಯಿತು. ಅದೇ ವರ್ಷ ಆ ದೊರೆಯೂ ಕುದುರೆಯಿಂದ ಬಿದ್ದು ಸತ್ತ. ದೀರ್ಘಾಯುಷ್ಯದ ಹಾರೈಕೆ ಫಲಿಸಲಿಲ್ಲ. ಹಾರೈಕೆಯನ್ನು ಹೊತ್ತ ಬಟ್ಟೆ ಮಾತ್ರ ಉಳಿಯಿತು. ಉತ್ತರ ಫ್ರಾನ್ಸಿನ ಸೇಂಟ್ ಜೋಸ್ ಗ್ರಾಮದಲ್ಲಿ, 7ನೆಯ ಶತಮಾನದ ಸಂತನೊಬ್ಬನ ಅಸ್ಥಿಗಳನ್ನು 1134ರಲ್ಲಿ ಇದರಲ್ಲಿ ಸುತ್ತಿಡಲಾಯಿತೆಂದು ತಿಳಿಯಲಾಗಿದೆ. ಧರ್ಮಯುದ್ಧಗಳಿಗೆ ಹೋಗಿಬಂದ ಮನೆತನಗಳ ಮೂಲಕ ಅದು ಅಲ್ಲಿಗೆ ತಲುಪಿರಬೇಕೆಂಬುದು ವಿದ್ವಾಂಸರ ಊಹೆ. ಮುಸ್ಲಿಮ್ ದಳಪತಿಯ ಹೆಸರುಳ್ಳ ವಸ್ತ್ರವು ಕ್ರೈಸ್ತ ಸಂತನಿಗೆ ಪವಿತ್ರ ಹೊದಿಕೆಯಾಯಿತು. ಧರ್ಮಗಳು ಪರಸ್ಪರ ಕಾದಾಡುತ್ತಿದ್ದ ಶತಮಾನದಲ್ಲಿಯೂ ಬಟ್ಟೆಯನ್ನು ಯಾರೂ ಅನ್ಯವೆಂದು ದೂರವಿಡಲಿಲ್ಲ.

ಕನ್ನಡ ನಾಡಿನ ಮಟ್ಟಿಗೂ ಈ ಮಾತು ಸಲ್ಲುತ್ತದೆ. 1443ರಲ್ಲಿ ಇದೇ ಖುರಾಸಾನಿನ ಹೆರಾತಿನಿಂದ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು, ಇಮ್ಮಡಿ ದೇವರಾಯನು ‘ಜೈತೂನಿ’ ರೇಷ್ಮೆಯ ನಿಲುವಂಗಿ ತೊಟ್ಟಿದ್ದನೆಂದು ಬರೆದಿದ್ದಾನೆ. ಅರಬ್ಬಿಯ ‘ಕಬಾ’ ನಮ್ಮಲ್ಲಿ ಕಬಾಯಿಯಾಯಿತು. ಪರ್ಷಿಯನ್ನಿನ ‘ಕುಲಾಹ್’ ಕುಲಾವಿಯಾಯಿತು. ಚಿನ್ನದ ಎಳೆ ಎಂಬರ್ಥದ ಪರ್ಷಿಯನ್ ಪದ ಜರತಾರಿಯಾಗಿ ನಮ್ಮ ಹೆಣ್ಣುಮಕ್ಕಳ ಮಾತಿನಲ್ಲಿ ಬೆರೆತಿದೆ. ಆಸ್ಥಾನಗಳು ಅಳಿದರೂ ಈ ಪದಗಳು ಜನರ ನಾಲಗೆಯ ಮೇಲೆ ಉಳಿದಿವೆ.

ಜಾನಪದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸಂಗತಿ ಮುಖ್ಯವೆನಿಸುತ್ತದೆ. ಬಟ್ಟೆ ನೇಯಿಸಿಕೊಂಡವನ ಹೆಸರು ಉಳಿದ ತುಂಡಿನಲ್ಲಿದೆ, ಹೊದ್ದ ಸಂತನ ಹೆಸರು ಅದಕ್ಕೆ ಅಂಟಿಕೊಂಡಿದೆ. ನೇಯ್ದವನ ಹೆಸರು ಎಲ್ಲಿಯೂ ಇಲ್ಲ. ಆದರೆ ಪ್ರತಿ ಅಕ್ಷರದ ಎಳೆಯನ್ನು ಎಣಿಸಿ ಕೂಡಿಸಿದವನು ಅವನೇ. ವಸ್ತ್ರದ ಚರಿತ್ರೆಯನ್ನು ಅರಸರ ಚರಿತ್ರೆಯ ಪರಿಶಿಷ್ಟವೆಂದು ಭಾವಿಸುವವರೆಗೂ ಈ ಕೈಗಳು ನಮಗೆ ಕಾಣಲಾರವು. ನೇಯ್ಗೆಯ ಕ್ರಮವನ್ನೇ ದಾಖಲೆಯಾಗಿ ಓದಲು ಕಲಿತಾಗ ಮಾತ್ರ, ಹೆಸರಿಲ್ಲದವರ ಚರಿತ್ರೆಯನ್ನು ಬರೆಯಲು ದಾರಿಯಾದೀತು.