ಒಲೆಯ ಬೆಂಕಿ, ಮಳೆಗಾಲದ ಚಳಿ



ಸಕಲೇಶಪುರ, ಆಲೂರು ಕಡೆಯ ಹಳೇ ಮನೆಗಳನ್ನು ಬೆಚ್ಚಗಿಟ್ಟದ್ದು ಅಡಿಗೆ ಒಲೆ, ಬಚ್ಚಲ ಹಂಡೆಯ ಒಲೆ. ಆಷಾಢದ ಜಡಿಮಳೆಯಲ್ಲಿ ಒದ್ದೆ ಕಂಬಳಿ ಒಣಗಿದ್ದೂ, ಮುದುಕರು ಮೈ ಕಾಯಿಸಿದ್ದೂ ಅಲ್ಲಿಯೇ. ಬೇಸಗೆಯಲ್ಲೇ ಸೌದೆ ಸೀಳಿ ಒಟ್ಟಿದವರಿಗೆ ಈ ಸುಖ. ಹಸಿ ಸೌದೆಯ ಮನೆಗೆ ಹೊಗೆಯೇ ಗತಿ. ಆ ಹೊಗೆ ಕುಡಿದವರು ಯಾರು? ಒಲೆ ಮುಂದೆ ಕೂತ ಹೆಂಗಸರು. ಕಣ್ಣುರಿ, ಕೆಮ್ಮು ಅವರ ಪಾಲಿಗೆ ಬಂತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. 1980ರ ದಶಕದಲ್ಲಿ ಅದರ ಒಲೆ ಹಳ್ಳಿಗಳಿಗೆ ಬಂತು: ಸೌದೆ ಕಡಮೆ, ಹೊಗೆ ಕೊಳವೆಯಲ್ಲಿ ಹೊರಕ್ಕೆ. 2016ರಿಂದ ಉಜ್ವಲ ಯೋಜನೆಯ ಗ್ಯಾಸೂ ಬಂತು. ಗ್ಯಾಸು ಅನ್ನ ಬೇಯಿಸೀತು. ಒದ್ದೆ ಮೈ ಕಾಯಿಸೀತೇ? ಅದಕ್ಕೇ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಆರಿಲ್ಲ. ಉರಿಯಲಿ ಬಿಡಿ, ಆದರೆ ಸೌದೆ ಒಣಗಿರಲಿ, ಹೊಗೆಗೆ ದಾರಿ ಇರಲಿ.