ಗಾಳಿ ಕಾನೂನಿಗೆ ಹಲ್ಲು ಬಂದದ್ದು, ಕಿತ್ತದ್ದು



ಗಾಳಿಗೆ ಜಾತಿ ಇಲ್ಲ ಅಂತಾರೆ. ಇಲ್ಲದೇ ಇರಬಹುದು. ಆದರೆ ಹೊಗೆ ಕಾರೋ ಚಿಮಣಿ ಯಾರ ಮನೆ ಪಕ್ಕ ಏಳುತ್ತೆ ಅನ್ನೋದಕ್ಕೆ ಜಾತಿನೂ ಇದೆ, ವರ್ಗಾನೂ ಇದೆ. ಹಾಗಾಗಿ ವಾಯು ಕಾನೂನಿನ ಚರಿತ್ರೆ ನಮ್ಮ ಚರಿತ್ರೆಯೂ ಹೌದು.

ನಮ್ಮ ದೇಶದ ವಾಯು ಕಾಯ್ದೆ ಬಂದದ್ದು 1981ರಲ್ಲಿ. ಆಗ ಕಾರ್ಖಾನೆ ವಿರುದ್ಧ ಕೋರ್ಟಿಗೆ ಹೋಗಬೇಕಂದ್ರೆ ಮಾಲಿನ್ಯ ಮಂಡಳಿಯೇ ದೂರು ಕೊಡಬೇಕಿತ್ತು, ಇಲ್ಲಾ ಅದರ ಲಿಖಿತ ಒಪ್ಪಿಗೆ ಬೇಕಿತ್ತು. ಹೊಗೆ ಕುಡಿಯೋ ಜನಕ್ಕೆ ನೇರ ಹಕ್ಕಿರಲಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾದ. ಈ ಊರಿಗೆ ಅಪಾಯ ಕಾದಿದೆ ಅಂತ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ಬರೆದರು. ಆಳುವವರ ಕಿವಿಗೆ ಬೀಳಲಿಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಸುಮಾರು 40 ಟನ್ ವಿಷಾನಿಲ ಸೋರಿತು. ಟ್ಯಾಂಕನ್ನು ತಣ್ಣಗಿಡೋ ಯಂತ್ರ ತಿಂಗಳುಗಳಿಂದ ಬಂದ್ ಆಗಿತ್ತು. ಸೋರಿದ ಅನಿಲವನ್ನು ಸುಡೋ ಗೋಪುರದ ಪೈಪು ಬಿಚ್ಚಿಟ್ಟಿದ್ದರು. ಗಾಳಿಗಿಂತ ಭಾರವಾದ ಆ ಅನಿಲ ನೆಲದ ಮೇಲೇ ಹರಿದು, ಕಾರ್ಖಾನೆ ಎದುರಿನ ಜಯಪ್ರಕಾಶ್ ನಗರದ ಗುಡಿಸಲುಗಳಿಗೆ ನುಗ್ಗಿತು. ಸತ್ತವರಲ್ಲಿ ಬಹುಪಾಲು ಬಡವರು: ದಿನಗೂಲಿಗಳು, ಮುಸ್ಲಿಮರು, ದಲಿತರು, ಹಿಂದುಳಿದವರು.

ಕಾನೂನಿಗೆ ಹಲ್ಲು ಬಂದದ್ದು ಈ ಹೆಣಗಳು ಬಿದ್ದ ಮೇಲೆ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ವಾಯು ಕಾಯ್ದೆಗೆ ತಿದ್ದುಪಡಿ. ಕಾರ್ಖಾನೆ ಮುಚ್ಚಿಸುವ, ಕರೆಂಟು ನೀರು ಕಡಿತ ಮಾಡಿಸುವ ಅಧಿಕಾರ ಮಂಡಳಿಗೆ ಸಿಕ್ಕಿತು. ನಿಯಮ ಮೀರಿದವರಿಗೆ ಒಂದೂವರೆ ವರ್ಷದಿಂದ 6 ವರ್ಷದವರೆಗೆ ಜೈಲು ಅಂತಾಯ್ತು. 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೋರ್ಟಿಗೆ ಹೋಗುವ ಹಕ್ಕೂ ಬಂತು.

2023ರ ಜನ ವಿಶ್ವಾಸ ಕಾಯ್ದೆ ಇದರಲ್ಲಿ ಜೈಲಿನ ಹಲ್ಲನ್ನೇ ಕಿತ್ತುಹಾಕಿತು. ಈಗ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ. ಅದನ್ನು ತೀರ್ಮಾನಿಸೋದು ಸರ್ಕಾರದ ಅಧಿಕಾರಿ. ದಂಡ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. ದೊಡ್ಡ ಕಂಪನಿಗೆ 15 ಲಕ್ಷ ಅಂದ್ರೆ ಚಿಲ್ಲರೆ ಕಾಸು.

ಕೇಸುಗಳು ವರ್ಷಗಟ್ಟಲೆ ಎಳೀತವೆ, ದಂಡವಾದ್ರೆ ಬೇಗ ಆಗುತ್ತೆ ಅನ್ನೋ ವಾದ ಇದೆ. ಎಳೆಯೋದು ನಿಜ. ಭೋಪಾಲದ ಕೇಸಿನಲ್ಲಿ ತೀರ್ಪು ಬಂದದ್ದು 2010ರ ಜೂನ್ 7ಕ್ಕೆ. ನಿರ್ಲಕ್ಷ್ಯದ ಕಲಂ ಕೆಳಗೆ 2 ವರ್ಷ ಶಿಕ್ಷೆ, ಅವತ್ತೇ ಜಾಮೀನು. ಆದರೆ ಕೋರ್ಟು ನಿಧಾನ ಅಂತ ಅಪರಾಧವನ್ನೇ ದಂಡದ ರಸೀದಿ ಮಾಡಿದರೆ, ದುಡ್ಡಿದ್ದವನಿಗೆ ಹೊಗೆ ಬಿಡೋಕೆ ರೇಟು ಕಟ್ಟಿಕೊಟ್ಟಂಗೆ.

ನನ್ನ ಒತ್ತಾಯ ಇಷ್ಟು. ಗಂಭೀರ ಉಲ್ಲಂಘನೆಗೆ ಜೈಲು ಶಿಕ್ಷೆ ವಾಪಸ್ ಬರಲಿ. ಮಂಡಳಿಗಳ ಖಾಲಿ ಹುದ್ದೆ ತುಂಬಲಿ. ಪ್ರತಿ ಕಾರ್ಖಾನೆ ಗೇಟಿನಲ್ಲಿ ಹೊಗೆಯ ಅಳತೆ ಜನರ ಭಾಷೆಯಲ್ಲಿ ಕಾಣಲಿ. ರಾಜ್ಯ ಮಂಡಳಿಯಲ್ಲಿ ಕೃಷಿ, ಮೀನುಗಾರಿಕೆ, ಉದ್ಯಮ, ವ್ಯಾಪಾರದವರ ಪರವಾಗಿ ಸದಸ್ಯರನ್ನು ನೇಮಿಸಬಹುದು ಅಂತ ಕಾನೂನು ಹೆಸರು ಹಿಡಿದು ಹೇಳುತ್ತೆ. ಚಿಮಣಿ ಬುಡದಲ್ಲಿ ಬದುಕೋರ ಹೆಸರು ಅಲ್ಲಿಲ್ಲ. ಅವರಿಗೂ ಅಲ್ಲೊಂದು ಕುರ್ಚಿ ಬೇಕು.

ಜೈಭೀಮ್.