ಬೋರ್ಡೋ ಔಷಧಿ: ದ್ರಾಕ್ಷಿ ತೋಟದಿಂದ ಅಡಿಕೆ ತೋಟಕ್ಕೆ

ಮೊನ್ನೆ ಎರಡನೇ ಸಲ ಔಷಧಿ ಹೊಡೆಸುವಾಗ ಕೊನೆಗಾರ ಹುಡುಗ ಕೇಳಿದ, "ಈ ಬೋರ್ಡೋ ಅಂದ್ರೆ ಎಂತ ಹೆಸ್ರು ಮಾರಾಯ್ರೆ?" ಅದು ಊರಿನ ಹೆಸರು. ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಗೆ ಹೆಸರಾದ ಊರು. ಅವನಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೀತಿದೀನಿ. ಕೊನೆಗೆ ನನ್ನದೂ ಒಂದು ಲೆಕ್ಕ ಇದೆ, ಅದನ್ನ ಸ್ವಲ್ಪ ನೋಡಿ.

ಅಲ್ಲಿನ ದ್ರಾಕ್ಷಿ ಬೇರಿಗೆ ಹೇನು ಬಿದ್ದಿತ್ತು. ಅದನ್ನ ತಡೆಯುವ ಬೇರು ಬೇಕು ಅಂತ ಅಮೆರಿಕದ ಗಿಡ ತರಿಸಿದರು. ಅದರ ಜೊತೆಗೇ 1878ರ ಹೊತ್ತಿಗೆ ಬೂಜು ರೋಗ ಬಂತು. ಒಂದಕ್ಕೆ ಮದ್ದು ತರಲು ಹೋಗಿ ಇನ್ನೊಂದು ತಂದ ಹಾಗಾಯ್ತು. 1882ರ ಅಕ್ಟೋಬರಿನಲ್ಲಿ ಬೋರ್ಡೋದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಮಿಲಾರ್ಡೆ ತೋಟಗಳ ನಡುವೆ ಹೋಗ್ತಿದ್ದರು. ಎಲ್ಲಾ ಕಡೆ ಎಲೆ ಉದುರಿ ಬೋಳು, ರಸ್ತೆ ಬದಿಯ ಸಾಲು ಮಾತ್ರ ಹಸಿರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದೀತಾರೆ, ವಿಷ ಅಂತ ಹೆದರಲಿ ಅಂತ ಮೈಲುತುತ್ತ-ಸುಣ್ಣ ಎರಚಿದ್ದಂತೆ! ಕಳ್ಳರಿಗೆ ಬಳಿದ ಬಣ್ಣ ರೋಗ ತಡೆದಿತ್ತು. ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. ಗೆಯಾನ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರನ್ನೂ ತೋಟದ ಮೇನೇಜರ್ ಡೇವಿಡ್‌ನನ್ನೂ ಸೇರಿಸಿಕೊಂಡು ಅದೇ ತೋಟಗಳಲ್ಲಿ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಬರೀ ಮೈಲುತುತ್ತ ಎಲೆ ಸುಡ್ತದೆ, ಸುಣ್ಣ ಸೇರಿದರೆ ಸುಡೋದಿಲ್ಲ, ಅಂಟಿಕೊಳ್ತದೆ. ನಾವು ಕತ್ತಿ ಅದ್ದಿ ಕೆಂಪಾಗ್ತದಾ ಅಂತ ನೋಡೋದು ಈ ಸುಣ್ಣದ ಹದಕ್ಕೇ.

ನಮ್ಮ ಕಡೆ ಆಗ ಕೊಳೆರೋಗಕ್ಕೆ ಇದ್ದದ್ದು ಕೊಟ್ಟೆ ಒಂದೇ. ಅಡಿಕೆ ಹಾಳೆಯದೋ ಕರಡದ್ದೋ ಕೊಟ್ಟೆ ಮಾಡಿ ಕೊನೆ ಕೊನೆಗೂ ಕಟ್ಟಬೇಕು. ನನ್ನ ಅಜ್ಜ ಕೊಟ್ಟೆ ಕಟ್ಟುವ ಕೈಯಾಳಿಗೆ ಊರೂರು ಅಲೆದಿದ್ದನ್ನ ಹೇಳ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರಕ್ಕೆ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು, ಬೆಳೆಯ ರೋಗ ಮತ್ತು ಕೀಟ ನೋಡುವ ಕೆಲಸಕ್ಕೆ. 1910ರಲ್ಲಿ ಅಡಿಕೆ ರೋಗದ ಮೇಲೆ ಇಂಗ್ಲಿಷಲ್ಲಿ ಪುಸ್ತಕ ಬರೆದರು. ಹೆಸರಲ್ಲಿ "ಕೊಳೆರೋಗ" ಅಂತ ನಮ್ಮ ಮಾತನ್ನೇ ಇಟ್ಟರು, ಅದು ನನಗೆ ಬಹಳ ಹಿಡಿಸಿದ ವಿಷಯ. ದ್ರಾಕ್ಷಿ ಬಳ್ಳಿ ಎದೆಮಟ್ಟ. ನಮ್ಮ ಕೊನೆ ನಲವತ್ತು ಅಡಿ ಮೇಲೆ, ಅದೂ ಪುಷ್ಯ ಮಳೆಯಲ್ಲಿ. ಹೊಡೆದದ್ದು ತೊಳೆದು ಹೋಗಬಾರದು ಅಂತ ರಾಳ ಸೇರಿಸುವ ಕ್ರಮ ಅವರ ಕಾಲದ್ದು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯ್ತು, 1946ರಲ್ಲಿ ಅಲ್ಲೇ ಕಾಲೇಜಾಯ್ತು.

ಈಗ ಲೆಕ್ಕ. ನಾನು ಎಕರೆಗೆ ಒಂದು ಸಲಕ್ಕೆ 200 ಲೀಟರಿನ ಎರಡು ಬ್ಯಾರಲ್ ಹೊಡೆಸ್ತೇನೆ, ಅಂದ್ರೆ 4 ಕೆಜಿ ಮೈಲುತುತ್ತ. ಮಳೆ ಜಾಸ್ತಿ ಆದ ವರ್ಷ ಮೂರು ಸಲ, 12 ಕೆಜಿ. ಅದರಲ್ಲಿ ಕಾಲು ಭಾಗ ತಾಮ್ರ, 3 ಕೆಜಿ. ಹೆಕ್ಟೇರಿಗೆ ಏಳೂವರೆ ಆಯ್ತು. ಬೋರ್ಡೋ ಇರುವ ಯುರೋಪಿನಲ್ಲೇ 2019ರಿಂದ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ ಅಂತ ಮಿತಿ, ಸರಾಸರಿ ವರ್ಷಕ್ಕೆ 4. ತಾಮ್ರ ಕೊಳೆಯೋದಿಲ್ಲ, ಮಣ್ಣಲ್ಲೇ ಕೂರ್ತದೆ, ಎರೆಹುಳಕ್ಕೆ ಆಗೋದಿಲ್ಲ. ನಮ್ಮದು ಹುಳಿ ಮಣ್ಣು ಬೇರೆ, ಹುಳಿ ಮಣ್ಣಲ್ಲಿ ಅದರ ಕಾಟ ಇನ್ನೂ ಜಾಸ್ತಿ. ದ್ರಾಕ್ಷಿ ಕಾಲೇಜುಗಳು ಈಗ ರೋಗ ತಡೆಯುವ ತಳಿ, ಹವಾಮಾನ ನೋಡಿ ಹೊಡೆಯುವ ಕ್ರಮ ಅಂತ ತಾಮ್ರ ಇಳಿಸುವ ಸಂಶೋಧನೆಗೇ ಇಳಿದಿವೆ. ಅಪ್ಪನ ಕಾಲದಿಂದ ಹೊಡೀತಾ ಬಂದ ನನ್ನ ತೋಟದಲ್ಲಿ ಎಷ್ಟು ಕೂತಿದೆಯೋ!

ಹಾಗಂತ ಬಿಡೋಕೆ ಆಗೋದಿಲ್ಲ, ಬಿಟ್ಟರೆ ಕೊನೆಯೇ ಉಳಿಯೋದಿಲ್ಲ. ಬಸಿಗಾಲುವೆ ಬಿಡಿಸಿದೀನಿ, ಬಿದ್ದ ಕೊಳೆ ಕಾಯಿ ಹೆಕ್ಕಿಸ್ತಿದೀನಿ. ಮುಂದಿನ ವರ್ಷ ಅರ್ಧ ಎಕರೆಗೆ ಕೊಟ್ಟೆ ಕಟ್ಟಿಸಿ ನೋಡುವ ಯೋಚನೆ (ಪ್ಲಾಸ್ಟಿಕ್ಕಿನದ್ದು, ಬೈಬೇಡಿ). ಈಗಂತೂ ನಮ್ಮ ಸಾಗರ ತಾಲೂಕಿನ ಇರುವಕ್ಕಿಯಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಮಳೆ ಹೊಳವಾದ ಮೇಲೆ ಮಣ್ಣು ತಗೊಂಡು ಹೋಗಿ ಕೇಳ್ತೇನೆ. ಮಣ್ಣು ಆರೋಗ್ಯ ಕಾರ್ಡಲ್ಲಿ ತಾಮ್ರದ ಸಾಲೂ ಇರ್ತದೆ, ನಾವು ಸಾರಜನಕ, ಪೊಟ್ಯಾಷ್ ನೋಡಿ ಮಡಚಿಡ್ತೀವಿ. ನಿಮ್ಮ ಕಾರ್ಡಲ್ಲಿ ಎಷ್ಟಿದೆ ಅಂತ ಹೇಳಿ, ಎಷ್ಟು ವರ್ಷದಿಂದ ಔಷಧಿ ಹೊಡೆದ ತೋಟ ಅನ್ನೋದನ್ನೂ ಬರೀರಿ.